ತೊಳೆಯದ ಬೆಳ್ಳಿ

ಯಾರ ಮನೆಯಲ್ಲಾದರೂ ಸಾವಾಯಿತೆಂದು ಕಿವಿಗೆ ಬಿದ್ದರೆ ಸಾಕು, ಚಿನಿವಾರ ಮುರಿಗೆಪ್ಪನ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗುತ್ತಿತ್ತು, ನಾಣ್ಯದ ಅಂಚು ಸವರಿ ನೋಡುವ ಹಾಗೆ. ಅವನಿಗೇ ಅದು ತಿಳಿಯುತ್ತಿರಲಿಲ್ಲ. ಹೆಂಡತಿ ನೀಲಮ್ಮ ಮಾತ್ರ ಆ ಬೆರಳು ನೋಡಿಯೇ "ಯಾರು ಹೋದರು?" ಎಂದು ಕೇಳುತ್ತಿದ್ದಳು.

ವಾರಸುದಾರರಿಲ್ಲದ ಮನೆಯ ಸಾಮಾನನ್ನು ಅಂಗಳದಲ್ಲೇ ಹರಾಜು ಹಾಕುವುದು ಕಣಿವೆಕೋಟೆಯ ವಾಡಿಕೆ. ಅಲ್ಲಿ ಹಳೆಯ ಬೆಳ್ಳಿ ನಾಣ್ಯ ಕೊಂಡು, ಅರಮನೆಗೆ, ಈಗೀಗ ಅವುಗಳ ಹುಚ್ಚು ಹಿಡಿದಿದ್ದ ರಾಜಕುಮಾರಿ ಪದ್ಮಲೆಗೆ, ಮಾರುವುದು ಮುರಿಗೆಪ್ಪನ ಕಸುಬು. ಮೂವತ್ತು ವರ್ಷ ಅವನಿಗೆ ಎದುರಿರಲಿಲ್ಲ. ಈಗ ಎರಡು ವರ್ಷದಿಂದ ಪಾತ್ರೆಗೆ ಕಲಾಯಿ ಹಾಕುವ ಚೌಡನೂ ಹರಾಜಿಗೆ ಬರುತ್ತಿದ್ದ. ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಯಾರಿಗೂ ಬೇಡದ ಡಬ್ಬಿಯೊಂದನ್ನು ಕೊಳ್ಳುತ್ತಿದ್ದ. ಅದರ ತಳದಲ್ಲೇ ಒಳ್ಳೆಯ ನಾಣ್ಯ ಇರುತ್ತಿತ್ತು. ಮುರಿಗೆಪ್ಪನಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಡಂಗುರ ಕೇಳಿಸಿತು. "ಕೇಳಿರಪ್ಪಾ, ಅರಮನೆಯ ಅಪ್ಪಣೆ. ರಾಜಕುಮಾರಿಯವರ ಮೂರು ಒಗಟು ಬಿಡಿಸಿದವರಿಗೆ ನಾಣ್ಯದ ಭಂಡಾರದ ಬೀಗದ ಕೈ. ನಾಡಿನ ಯಾವ ಹರಾಜಿನಲ್ಲೂ ಮೊದಲು ಆರಿಸಿಕೊಳ್ಳುವ ಹಕ್ಕು. ತಪ್ಪಿದವರಿಗೆ ಸಂಜೆಯೊಳಗೆ ತಲೆದಂಡ."

ಚೌಡ ಹೆಸರು ಕೊಟ್ಟಿದ್ದಾನೆಂದು ತಿಳಿದ ಗಳಿಗೆಯಲ್ಲೇ ಮುರಿಗೆಪ್ಪ ಪೇಟ ಸುತ್ತಿಕೊಂಡ.

"ಇರೋದು ಸಾಲದೆ? ತಲೆ ಬೇಡವಾ ನಿಮಗೆ?" ಎಂದಳು ನೀಲಮ್ಮ.

"ಆ ಹಕ್ಕು ಅವನಿಗೆ ಹೋದರೆ ನನಗೆ ಉಳಿಯೋದು ಅವನು ಎತ್ತಿಟ್ಟ ಮೇಲಿನ ಕಸ. ಅದನ್ನ ನೋಡೋ ತಲೆ ಇದ್ದರೇನು, ಹೋದರೇನು."

ಅರಮನೆಯ ಸಭೆಯಲ್ಲಿ ಒಗಟು ಬಿಡಿಸಲು ನಾಲ್ವರೇ ನಿಂತಿದ್ದರು. ಮುಂದೆ ವರ್ತಕ ಸೋಮಶೆಟ್ಟಿ, ಆಮೇಲೆ ಅಕ್ಕಸಾಲಿ ಕಾಳಾಚಾರಿ, ಮುರಿಗೆಪ್ಪ, ಕೊನೆಗೆ ಮಸಿಗೈಯ ಚೌಡ.

"ಮುಟ್ಟದೆ ಬಿಟ್ಟರೆ ಅದು ಕಪ್ಪಾಗುತ್ತಾ ಸಿರಿವಂತವಾಗುತ್ತದೆ. ತೊಳೆದು ಬೆಳಗಿದರೆ ಬಡವಾಗುತ್ತದೆ. ಏನದು?" ಎಂದು ಕೇಳಿದಳು ಪದ್ಮಲೆ.

"ಪೀತಾಂಬರ," ಎಂದ ಸೋಮಶೆಟ್ಟಿ. "ತೊಳೆದರೆ ಬಣ್ಣ ಬಿಡುತ್ತೆ."

"ಮಾಸಿ ಕಪ್ಪಾದ ಪೀತಾಂಬರವನ್ನು ನಿಮ್ಮ ಅಂಗಡಿಯಲ್ಲಿ ಹೆಚ್ಚಿಗೆ ಮಾರುತ್ತೀರಾ ಶೆಟ್ಟರೇ?"

ಕಾವಲಿನವರು ಅವನ ತೋಳು ಹಿಡಿದರು. ಕಾಳಾಚಾರಿ ಮಣ್ಣಿನ ಗೋಡೆ ಎಂದು ತೊದಲಿದ. ಅವನನ್ನೂ ಹಿಡಿದರು.

ಮುರಿಗೆಪ್ಪನ ಸರದಿ. ಯೋಚಿಸಬೇಕಾದದ್ದು ಒಗಟನ್ನು. ಆದರೆ ಬೆನ್ನ ಹಿಂದೆ ಚೌಡ ಉಸಿರಾಡುತ್ತಿದ್ದ, ಆ ಉಸಿರಿನಲ್ಲಿ ಇದ್ದಿಲ ವಾಸನೆಯಿತ್ತು. ಮುರಿಗೆಪ್ಪನ ತಲೆಯಲ್ಲಿ ಹಗಲಿರುಳೂ ಇದ್ದದ್ದು ಆ ಕೈ, ಆ ಮಸಿ, ಆ ಪಾತ್ರೆ. ಬಾಯಿಗೂ ಅದೇ ಬಂತು.

"ಕಲಾಯಿ ಹಾಕಿದ ಪಾತ್ರೆ, ತಾಯಿ. ತಿಕ್ಕಿದಷ್ಟೂ ಕಲಾಯಿ ಹೋಗುತ್ತೆ."

"ಮುಸುರೆ ಪಾತ್ರೆಯನ್ನು ತೊಳೆಯದೆ ಇಟ್ಟು ಸಿರಿವಂತರಾಗುವ ಮನೆ ನಿಮ್ಮದೇನು?" ಎಂದಳು ಪದ್ಮಲೆ. ಸಭೆ ನಕ್ಕಿತು. ಮುರಿಗೆಪ್ಪನಿಗೆ ಸಾವಿನ ಭಯಕ್ಕಿಂತ ಮೊದಲು ಬಂದ ಯೋಚನೆ: ಚೌಡನೂ ನಕ್ಕನೇ?

ಚೌಡ ನಗಲಿಲ್ಲ. "ಹಳೆಯ ಬೆಳ್ಳಿ ನಾಣ್ಯ, ತಾಯಿ. ನೂರು ವರ್ಷದ ಕೈಗಳು ಹತ್ತಿಸಿದ ಕಪ್ಪು ಅದು. ಹುಣಿಸೆಹಣ್ಣು ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಗೆರೆಗಳೂ ಸವೆಯುತ್ತವೆ. ಉಳಿಯೋದು ಬರೀ ತೂಕದ ಬೆಳ್ಳಿ. ಉಜ್ಜೋದು ನನ್ನ ಕಸುಬು, ಅದಕ್ಕೇ ಗೊತ್ತು."

ಮೂವತ್ತು ವರ್ಷವೂ ಪ್ರತಿ ಸಲ ಅರಮನೆಗೆ ಬರುವ ಮುಂಚೆ ನಾಣ್ಯ ಉಜ್ಜಲು ತಾನು ಹುಣಿಸೆಹಣ್ಣು ನೆನೆಹಾಕುತ್ತಿದ್ದದ್ದು ಮುರಿಗೆಪ್ಪನ ಕಣ್ಣಮುಂದೆ ಬಂತು.

"ಎರಡನೆಯದು," ಎಂದಳು ಪದ್ಮಲೆ. "ಒಂದು ವಸ್ತು ಮಾರಾಟವಾಗುತ್ತದೆ. ಅದಕ್ಕೆ ಬೆಲೆ ಕಟ್ಟಿದವನು ಮಾರಿದವನೂ ಅಲ್ಲ, ಕೊಂಡವನೂ ಅಲ್ಲ. ಬೆಲೆ ಕಟ್ಟಿ ಬರಿಗೈಲಿ ಮನೆಗೆ ಹೋದ. ಯಾರು?"

"ಹರಾಜಿನಲ್ಲಿ ಸೋತವನು. ಅವನು ಎಲ್ಲಿ ಸುಮ್ಮನಾಗುತ್ತಾನೋ ಅದರ ಮೇಲಿನ ಮೆಟ್ಟಿಲೇ ಬೆಲೆ. ಒಮ್ಮೆ ಒಂದು ಒಡಕು ಗಿಂಡಿಗೆ ನಾನು ಬೆಳ್ಳಿಯ ಬೆಲೆ ತೆತ್ತಿದ್ದೇನೆ, ಎದುರಿಗಿದ್ದವರು ಬಿಡಲೇ ಇಲ್ಲ."

ಯಾರ ಹೆಸರನ್ನೂ ಚೌಡ ಎತ್ತಲಿಲ್ಲ. ಎತ್ತಿದ್ದರೆ, ಅಂದು ಬಿಡದೆ ಕೂಗಿದ್ದ ಮುರಿಗೆಪ್ಪ ಬೈದಾದರೂ ಹಗುರಾಗಬಹುದಿತ್ತು.

"ಮೂರನೆಯದು. ಮುದ್ದಿಗೆಂದು ಅದಕ್ಕೆ ಗಾಯ ಮಾಡಿದರು. ಗಾಯದಿಂದ ವ್ಯಾಪಾರಿಗೆ ಅದು ಬೇಡವಾಯಿತು. ಗಾಯ ಮಾಡಿದವರು ಮಾತ್ರ ಸಾಯುವವರೆಗೂ ಬಿಡಲಿಲ್ಲ."

ಚೌಡ ಮಸಿಬೆರಳಿನಿಂದ ತನ್ನ ಕೊರಳು ಸವರಿಕೊಂಡ. ತಪ್ಪಲಿ, ತಪ್ಪಲಿ ಎಂದು ಮುರಿಗೆಪ್ಪನ ಎದೆ ಹೊಡೆದುಕೊಂಡಿತು. ಅವನು ತಪ್ಪಿದರೂ ತನ್ನ ತಲೆ ಉಳಿಯುವುದಿಲ್ಲವೆಂದು ಗೊತ್ತಿದ್ದೂ.

"ತೂತು ಕೊರೆದ ನಾಣ್ಯ, ತಾಯಿ. ಮಗುವಿನ ಕೊರಳಿಗೆ ದಾರ ಪೋಣಿಸಲು ಕೊರೆದದ್ದು. ಹರಾಜಿನ ಡಬ್ಬಿಗಳಲ್ಲಿ ಎಷ್ಟೋ ಸಿಕ್ಕಿವೆ. ಕೆಲವಕ್ಕೆ ದಾರ ಇನ್ನೂ ಇತ್ತು."

ಪದ್ಮಲೆ ಎದ್ದು ಬಂದು ಬೀಗದ ಕೈಯನ್ನು ಅವನ ಮಸಿಗೈಯಲ್ಲಿಟ್ಟಳು. "ಇನ್ನೇನು ಬೇಕು, ಕೇಳು."

"ಆ ಮೂರು ತಲೆ ಕೊಡಿ, ತಾಯಿ. ಹರಾಜಿಗೆ ಜನ ಬೇಕು."

ಅವಳು ನಕ್ಕು ಬಿಟ್ಟುಬಿಡಲು ಹೇಳಿದಳು. ಸೋಮಶೆಟ್ಟಿ, ಕಾಳಾಚಾರಿ ಚೌಡನ ಕಾಲಿಗೆ ಬಿದ್ದು ಓಡಿದರು. ಮುರಿಗೆಪ್ಪ ಬೀಳಲಿಲ್ಲ. ಬದುಕಿದೆನೆಂಬ ಸಂತೋಷ ಗಂಟಲಿಗೆ ಬಂದು, ಯಾರಿಂದ ಎಂಬುದು ನೆನಪಾಗಿ, ಅಲ್ಲೇ ಕಹಿಯಾಯಿತು. ಹೊರಬಾಗಿಲ ಹತ್ತಿರ ಹಿಂದಿನಿಂದ ಹೆಜ್ಜೆ ಕೇಳಿಸಿತು.

"ಧಣಿ, ಒಂದು ನಿಮಿಷ." ಚೌಡ ಅತ್ತಿತ್ತ ನೋಡಿ ಅಂಗೈ ಬಿಚ್ಚಿದ. ಕಪ್ಪಿಟ್ಟ ನಾಣ್ಯವೊಂದಿತ್ತು. "ಭಂಡಾರದಲ್ಲಿರೋದನ್ನೆಲ್ಲ ದೊರೆಗಳ ಹೆಸರಿನ ಪ್ರಕಾರ ಜೋಡಿಸಿಡು ಅಂದಿದ್ದಾರೆ ರಾಜಕುಮಾರಿಯವರು, ನಾಳೆಯೊಳಗೆ. ನನಗೆ ಅಕ್ಷರ ಬರಲ್ಲ. ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ."

ಒಂದೇ ನೋಟಕ್ಕೆ ಮುರಿಗೆಪ್ಪ ಹೆಸರು ಓದಿಬಿಟ್ಟ. ಅದು ಅವನ ನಾಲಿಗೆಯ ತುದಿಯಲ್ಲಿ ತಣ್ಣಗೆ ಕೂತಿತು. ಆ ದಿನ ಮೊದಲ ಬಾರಿಗೆ ಅವನಿಗೆ ಹಿತವೆನಿಸಿತು. ಆಳೊಬ್ಬ ಬಾಗಿಲ ಪಂಜು ಹಚ್ಚಿ ಹೋದ. ಚೌಡನ ಅಂಗೈ ಹಾಗೇ ಚಾಚಿಕೊಂಡಿತ್ತು.

"ಇದರ ಮೇಲೆ ಏನಿದೆ ಧಣಿ," ಎಂದ ಅವನು ಮತ್ತೆ, "ಓದಿ ಹೇಳ್ತೀರಾ?"