ಹಾಸ್ಟೆಲಿನ ‘ಇಲ್ಲ’ಗಳು

ತಪಾಸಣೆಗೆ ಬಂದ ಸಾಹೇಬರು ಹಾಸ್ಟೆಲಿನ ಅಡುಗೆಯ ತಿಪ್ಪಯ್ಯ ಬರೆದಿಟ್ಟ ಕೊರತೆಗಳ ಪಟ್ಟಿ ನೋಡಿ ಸಿಡುಕಿದರು.

“ಎಲ್ಲದಕ್ಕೂ ಇಲ್ಲ, ಇಲ್ಲ! ಇಂಗ್ಲಿಷಲ್ಲಿ ಸರಿಯಾಗಿ ಬರಿ. ಇಲ್ಲಾಂದ್ರೆ ಮೆಮೊ ಕೊಡ್ತೀನಿ.”

ತಿಪ್ಪಯ್ಯನಿಗೆ ಕುತೂಹಲ ಹುಟ್ಟಿತು. “ಕಲಿಸಿಕೊಡಿ ಸಾರ್. ಮೊದಲಿಂದಲೂ ಇಲ್ಲದ್ದಕ್ಕೆ ಏನಂತಾರೆ?”

“ನಿಲ್.”

“ಇದ್ದೂ ಸಾಲದ್ದಕ್ಕೆ?”

“ಶಾರ್ಟೇಜ್.”

“ಇದ್ದದ್ದು ಕಾಣೆಯಾದರೆ?”

“ಮಿಸ್ಸಿಂಗ್.”

ಬಚ್ಚಲಿನ ಬಾಗಿಲು ನಿಲ್, ಹಾಲು ಶಾರ್ಟೇಜ್ ಎಂದು ಬರೆದ ತಿಪ್ಪಯ್ಯ ಪೆನ್ನು ಎತ್ತಿದ.

“ಹಾಸ್ಟೆಲಿನ ಗ್ರೈಂಡರ್ ಕಾಣೆಯಾಗಿಲ್ಲ ಸಾರ್. ನಿಮ್ಮ ಮಗಳ ನಿಶ್ಚಿತಾರ್ಥಕ್ಕೆ ಅಂತ ನಿಮ್ಮ ಮನೆಗೆ ಹೋದದ್ದು. ಈಗ ಮೊಮ್ಮಗಳ ನಾಮಕರಣವೂ ಆಯ್ತು. ಇದಕ್ಕೆ ಯಾವ ಪದ?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಒರೆಸಿದರು.

“ಕನ್ನಡದಲ್ಲಿ ‘ಇಲ್ಲ’ ಅಂತಲೇ ಬರಿಯಪ್ಪ.”