ಮರಳನ್ನು ತೊರೆದು ಬಂಡೆಯಲ್ಲಿ ನೆಲೆಸಿದ ನಿಶ್ಚಲೇಶ್ವರ

“ನೆಲವ ನಂಬಿದವಗೆ ನೆಲೆ ತಪ್ಪದು” ಎಂದು ತಾಯಿ ತನಗೆ ನಡೆಯಲು ಕಲಿಸುವಾಗ ಹಾಡುತ್ತಿದ್ದ ನುಡಿಯನ್ನು ಸ್ಥಪತಿ ಬೈಚೋಜನು ಎಲ್ಲಿ ಅಡಿಗಲ್ಲಿಟ್ಟರೂ ಸ್ಮರಿಸುತ್ತಿದ್ದನು. ಆದರೆ ಶೈವಾಲಿನೀ ನದಿಯ ಮರಳುದಿಣ್ಣೆಯ ಮೇಲೆ ನಿಂತಾಗ, ಯಾವ ನೆಲವನ್ನು ನಂಬಬೇಕೆಂದು ತಾಯಿ ಹೇಳಲಿಲ್ಲವಲ್ಲ ಎಂಬ ಶಂಕೆ ಅವನ ಅಂತರಂಗದಲ್ಲಿ ಮೊದಲ ಬಾರಿಗೆ ಅಂಕುರಿಸಿತು.

ಕಾಲಗಣನೆಯನ್ನು ಶಿಲೆಯಲ್ಲಿ ಕೊರೆಯುವ ವಾಡಿಕೆ ಇನ್ನೂ ಮೂಡದಿದ್ದ ಆ ಪ್ರಾಚೀನ ಕಾಲದಲ್ಲಿ, ಈ ಸೀಮೆಯನ್ನಾಳುತ್ತಿದ್ದ ಕೇಸಿಯರಸನು ಆ ದಿಣ್ಣೆಯಲ್ಲಿಯೇ ಶಿವಾಲಯವನ್ನು ಕಟ್ಟಿಸಲು ಸಂಕಲ್ಪಿಸಿ, ಪ್ರತಿಷ್ಠಾಮುಹೂರ್ತ ತಪ್ಪಿದರೆ ಸ್ಥಪತಿಯ ಬಲಗೈಯನ್ನು ಕಡಿಸುವೆನೆಂದು ಆಜ್ಞಾಪಿಸಿದ್ದನು. ಮಂಟಪ ಮೇಲೆದ್ದಿತು. ಆ ಋತುವಿನಲ್ಲಿ ವಸುಂಧರೆಯು ಆಗಾಗ ಮೆಲ್ಲನೆ ಕಂಪಿಸುತ್ತಿದ್ದಳು. ಕಂಪಿಸಿದಾಗಲೆಲ್ಲ ಕಂಬಗಳ ಬುಡದಲ್ಲಿ ಮರಳು ಬೆರೆತ ನೀರು ಬುಗ್ಗೆಯಾಗಿ ಉಕ್ಕುತ್ತಿತ್ತು. ರಾಜಪುರೋಹಿತ ತ್ರಿಲೋಚನಭಟ್ಟನು ಅದನ್ನು ಗಂಗಾವತರಣವೆಂದು ಸಾರಿ ತೀರ್ಥವಾಗಿ ಹಂಚಿದನು. ಬೈಚೋಜನು ಆ ತೀರ್ಥವನ್ನು ಕುಡಿಯದೆ, ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ದಿಟ್ಟಿಸಿದನು. ಗಂಗೆಯಾದರೆ ಭಾರ ಹೊತ್ತ ಕಂಬದ ಬುಡವನ್ನೇ ಏಕೆ ಅರಸಿ ಬರುತ್ತಾಳೆ?

ಅವನು ಎರಡು ಕೊಪ್ಪರಿಗೆಗಳಲ್ಲಿ ದಿಣ್ಣೆಯ ಹಸಿಮರಳನ್ನು ತುಂಬಿ, ಒಂದರಲ್ಲಿ ಮರಳಿನ ಮೇಲೆಯೇ, ಇನ್ನೊಂದರಲ್ಲಿ ತಳ ಮುಟ್ಟುವ ಕಲ್ಲುಗೂಟಗಳ ಮೇಲೆ, ಅಂಗೈಯಗಲದ ಶಿಲಾಮಂಟಪಗಳನ್ನಿರಿಸಿ, ಎರಡನ್ನೂ ಬಂಡಿಯಲ್ಲೇರಿಸಿ ಅರಸನೆದುರು ಕಲ್ಲುದಾರಿಯಲ್ಲಿ ಎತ್ತುಗಳನ್ನೋಡಿಸಿದನು.

“ಏನಯ್ಯಾ ಓಜ, ಕೊಪ್ಪರಿಗೆಯಲ್ಲಿ ಕೈಲಾಸವನ್ನೇ ಬೇಯಿಸಿ ಬಡಿಸುತ್ತೀಯೋ?” ಎಂದು ಭಟ್ಟನು ನಕ್ಕನು.

ಬಂಡಿ ಹಿಂದಿರುಗಿತು. ಮೊದಲನೆಯದರಲ್ಲಿ ಮರಳು ಅಂಬಲಿಯಂತೆ ಸಡಿಲಗೊಂಡು, ನೀರು ಮೇಲೆ ನಿಂತು, ಮಂಟಪವು ಓರೆಯಾಗಿ ಕುತ್ತಿಗೆಯವರೆಗೆ ಹೂತುಹೋಗಿತ್ತು, ಎರಡನೆಯದು ಕದಲಿರಲಿಲ್ಲ.

“ಬಡಿಸಿದ್ದೇನೆ ಭಟ್ಟರೇ, ಉಣ್ಣಬಹುದು” ಎಂದನು ಬೈಚೋಜ.

ಭಟ್ಟನ ನಗು ಮಾಯವಾಯಿತು. ಮರಳೇ ತನ್ನ ಪೀಠವೆಂದು ಸ್ವಾಮಿಯು ಕನಸಿನಲ್ಲಿ ಅಪ್ಪಣೆ ಕೊಡಿಸಿದ್ದಾನೆಂದು ಅವನು ಅರಸನಿಗೆ ನಿವೇದಿಸಿದನು. ಅರಸನು ಕನಸನ್ನು ನಂಬಿದನು. ಬೈಚೋಜನು ಕನಸನ್ನೂ ಶಂಕಿಸಿದನು.

ಪ್ರತಿಷ್ಠೆಯ ದಿನ, ಮಂಟಪದೊಳಗೆ ನೆರೆಯಲೆಂದು ಊರೆಲ್ಲ ಹಿಂಬಾಲಿಸುತ್ತಿರಲು, ಲಿಂಗವನ್ನು ಹೊತ್ತ ಬಂಡಿಯು ದಡದ ಕರಿಬಂಡೆಯನ್ನು ತಲುಪಿದೊಡನೆ ಬೈಚೋಜನು ಎತ್ತುಗಳ ಕೊರಳಿಂದ ನೊಗವನ್ನು ಕಳಚಿ, ಅರಸನ ಮುಂದೆ ಬಲಗೈ ಚಾಚಿದನು. “ಕೈ ತೆಗೆದುಕೊಳ್ಳಿ ಪ್ರಭು. ಜನ ಮರಳಿಗಿಳಿಯುವುದು ಬೇಡ.”

ಖಡ್ಗ ಒರೆಯಿಂದ ಹೊರಬರುವಷ್ಟರಲ್ಲಿ ಭೂಮಿ ಘೋರವಾಗಿ ನಡುಗಿತು. ದಿಣ್ಣೆಯ ತುಂಬ ಬುಗ್ಗೆಗಳುಕ್ಕಿ, ಮರಳೆಲ್ಲ ದ್ರವವಾಗಿ, ನಿರ್ಜನ ಮಂಟಪವು ಮುರಿಯದೆಯೇ ವಾಲಿ ಮುಳುಗತೊಡಗಿತು. ಬಂಡೆಯ ಮೇಲಿದ್ದ ಲಿಂಗ ಅಲುಗಲಿಲ್ಲ. ಆಗ ವಾಣಿಯೊಂದು ಕೇಳಿಸಿತು: “ಪರೀಕ್ಷಿಸದ ನೆಲದಲ್ಲಿ ನಾನು ನೆಲೆಸೆನು. ಇವನ ಸಂಶಯವನ್ನು ಬಿಲ್ವಪತ್ರೆಯೆಂದೇ ಸ್ವೀಕರಿಸಿದ್ದೇನೆ.” ಬೈಚೋಜನು ತಕ್ಷಣವೇ ತಿರುಗಿ ಭಟ್ಟನ ತುಟಿಗಳನ್ನು ನೋಡಿದನು, ಅವು ಮುಚ್ಚಿದ್ದವು. ಅನಂತರವೇ ಕೈಮುಗಿದನು. ಆ ಕೈಗಳನ್ನು ಅರಸನು ಕಣ್ಣಿಗೊತ್ತಿಕೊಂಡು, ಸ್ವಾಮಿಯನ್ನು ಆ ಕರಿಬಂಡೆಯ ಮೇಲೆಯೇ ನಿಶ್ಚಲೇಶ್ವರನೆಂದು ಪ್ರತಿಷ್ಠಾಪಿಸಿದನು.

ಬೇಸಿಗೆಯಲ್ಲಿ ನೀರಿಳಿದಾಗ, ಓರೆಯಾದ ಆ ಮಂಟಪದ ನೆತ್ತಿಯನ್ನು ಭಕ್ತಾದಿಗಳು ಇಂದಿಗೂ ದಡದಿಂದಲೇ ದರ್ಶಿಸಬಹುದು. ಪ್ರತಿಷ್ಠೋತ್ಸವದಂದು ಕೊಪ್ಪರಿಗೆಗಳು ಬಂಡಿಯೇರಿ ಕಲ್ಲುದಾರಿಯಲ್ಲಿ ಸಾಗುತ್ತವೆ, ಅವು ಹಿಂದಿರುಗಿದ ಬಳಿಕ ಅರ್ಚಕರು ಕರಿಬಂಡೆಯ ಮೇಲೆ ನಿಂತು, ಅಂದು ಬೈಚೋಜನು ನೆರೆದ ಸಮಸ್ತರಿಗೆ ಹೇಳಿದ ಮಾತನ್ನೇ ಹೇಳುತ್ತಾರೆ: “ಸ್ವಾಮಿ ಇಲ್ಲಿಯೇ ಇರುತ್ತಾನೆ. ಆದರೆ ಈ ಬಂಡೆಯನ್ನೂ ನಾವು ವರ್ಷಕ್ಕೊಮ್ಮೆ ತಟ್ಟಿ ನೋಡುತ್ತೇವೆ.”