ಕಾಗೆಗಳ ನಡುವೆ ಮರಕುಟಿಗ

ಆ ವರ್ಷ ಎಳೆ ಕಾಗೆಯೊಂದು ಗೂಡು ಕಟ್ಟುವುದೇ ಇಲ್ಲವೆಂದು ಹಟ ಹಿಡಿದು ಕೂತಿತು. ಹಿಂದಿನ ವರ್ಷ ಅದು ತನ್ನದೆಂದು ಸಾಕಿದ ಮರಿ ಕೋಗಿಲೆಯದಾಗಿತ್ತು. ತೋಪಿನವರಿಗೆಲ್ಲ ಬುದ್ಧಿ ಹೇಳುವ ಮರಕುಟಿಗ ಅದರ ಕೊಂಬೆಗೆ ಹೋಗಿ, "ಕೋಗಿಲೆಯ ಮೊಟ್ಟೆ ಗುರುತಿಸಲು ಐದು ಲಕ್ಷಣಗಳಿವೆ, ಕಲಿತುಕೋ" ಎಂದಿತು.

"ಕಲಿತೇನು ಮಾಡಲಿ? ಇಷ್ಟು ಪೆದ್ದಿ ಈ ತೋಪಿನಲ್ಲಿ ನಾನೊಬ್ಬಳೇ" ಎಂದಿತು ಕಾಗೆ.

ಮರಕುಟಿಗ ಯೋಚನೆಗೆ ಬಿತ್ತು. ಆ ವಾರ ಬೇರೆ ಆರು ಕಾಗೆಗಳು ಆರು ಕೊಂಬೆಗಳಲ್ಲಿ ಇದೇ ಮಾತನ್ನು ಅದರ ಕಿವಿಯಲ್ಲಿ ಹೇಳಿದ್ದವು. ರೊಟ್ಟಿಯ ಚೂರು ಸಿಕ್ಕರೆ ಊರನ್ನೇ ಕೂಗಿ ಕರೆಯುವ ಕುಲ, ಈ ಸಂಕಟಕ್ಕೆ ಮಾತ್ರ ಯಾರನ್ನೂ ಕರೆದಿರಲಿಲ್ಲ.

ಮರುದಿನ ಮರಕುಟಿಗ ಏಳು ಕಾಗೆಗಳನ್ನೂ ಹುಣಸೆ ಮರಕ್ಕೆ ಕರೆಸಿ, ನಡುವೆ ಕೂತು ಲಕ್ಷಣ ಹೇಳತೊಡಗಿತು. ಎರಡನೆಯದಕ್ಕೇ ಕಾಗೆಗಳು ರೆಕ್ಕೆ ಕೆರೆದುಕೊಳ್ಳತೊಡಗಿದವು. ಆಗ ಮುದಿ ಕಾಗೆಯೊಂದು ತನ್ನಷ್ಟಕ್ಕೆ, "ನನ್ನ ಮರಿ ಕುಹೂ ಅಂದಾಗ ನೆಗಡಿ ಅಂದುಕೊಂಡೆ. ಮೂರು ದಿನ ಬೆಚ್ಚಗೆ ಇಟ್ಟೆ" ಎಂದಿತು.

ಎಳೆ ಕಾಗೆ ತಲೆಯೆತ್ತಿತು. "ನಿಮಗೂ ಆಯಿತೇ, ಅಜ್ಜಿ?"

"ಎರಡು ಸಲ, ಮಗಳೇ."

ಮೂರನೆಯ ಲಕ್ಷಣಕ್ಕೆ ತೆರೆದ ಕೊಕ್ಕನ್ನು ಮುಚ್ಚಿಕೊಂಡು ಮರಕುಟಿಗ ಪಕ್ಕಕ್ಕೆ ಸರಿಯಿತು. ಸಂಜೆಯವರೆಗೆ ಮಾತೆಲ್ಲ ಕಾಗೆಗಳದೇ ಆಯಿತು, ನಗುವೂ ಅವುಗಳದೇ.

ವಾರ ಕಳೆದು ಬಂದು ನೋಡಿದರೆ ಎಳೆ ಕಾಗೆ ಕಡ್ಡಿ ಹೊರುತ್ತಿತ್ತು. ಮರಕುಟಿಗನನ್ನು ಕಂಡು ಕಡ್ಡಿ ಕೆಳಗಿಟ್ಟು, "ಅಜ್ಜಿಯ ಪಕ್ಕದಲ್ಲೇ ಕಟ್ಟುತ್ತಿದ್ದೇನೆ. ಅವರು ಹೊರಗೆ ಹೋದರೆ ನಾನು ಕಾಯುತ್ತೇನೆ, ನಾನು ಹೋದರೆ ಅವರು" ಎಂದಿತು.

"ಇನ್ನೂ ಮೂರು ಲಕ್ಷಣ ಹೇಳುವುದು ಉಳಿದಿದೆಯಲ್ಲ?"

"ನಾಳೆ ಬನ್ನಿ, ನಾವೇ ಕೇಳುತ್ತೇವೆ. ಆದರೆ ನಡುವೆ ಬೇಡ, ನಮ್ಮ ಸಾಲಿನಲ್ಲಿ ಕೂತುಕೊಳ್ಳಿ" ಎಂದು ಕಾಗೆ ಕಡ್ಡಿ ಎತ್ತಿಕೊಂಡು ಹೋಯಿತು.